ಮಗುವಿನ ಸಾಮಾನು ಕೊಳ್ಳುವಾಗ ಯಾರ ಮಾತನ್ನು ಯಾವುದಕ್ಕೆ ಕೇಳಬೇಕು

ನಮ್ಮ ಕಡೆ ಸೀಮಂತ ಮುಗಿಯುವುದೇ ತಡ, ಮಗುವಿಗೆ ಏನೇನು ಬೇಕೆಂಬ ಪಟ್ಟಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ಅತ್ತೆಯವರ ಪಟ್ಟಿಯಲ್ಲಿ ಮರದ ತೊಟ್ಟಿಲು, ಮೆತ್ತಗಾದ ಹಳೆಯ ಸೀರೆಗಳು, ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ಇರುತ್ತವೆ. ದುಬಾಯಿಯಲ್ಲಿರುವ ಭಾವ ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್ ಮತ್ತು ಕಾರಿನಲ್ಲಿ ಮಗುವನ್ನು ಭದ್ರವಾಗಿ ಕೂರಿಸುವ ಕಾರ್ ಸೀಟ್ ತರುತ್ತೇನೆಂದು ಫೋನಿನಲ್ಲಿ ಹೇಳುತ್ತಾರೆ. ಬೆಂಗಳೂರಿನ ತಂಗಿಗೆ ಬಾಟಲಿಗಳನ್ನು ಕ್ರಿಮಿಮುಕ್ತಗೊಳಿಸುವ ಸ್ಟೆರಿಲೈಜರ್ ಇಲ್ಲದೆ ಮಗುವನ್ನು ಸಾಕಬಹುದೆಂದು ನಂಬುವುದೇ ಕಷ್ಟ. ಕಾಸರಗೋಡಿನ ಕನ್ನಡ ಮನೆಗಳಿಗೆ ಇದರ ಜೊತೆ ಇನ್ನೊಂದು ತೊಡಕೂ ಇದೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರ ವಿವರಣೆ ಮಲಯಾಳದಲ್ಲೋ ತುಳುವಿನಲ್ಲೋ ಇರುತ್ತದೆ, ಮೊಬೈಲಿನಲ್ಲಿ ಬರುವ ವಿಡಿಯೊ ಹಿಂದಿಯಲ್ಲಿರುತ್ತದೆ. ಬಾಣಂತಿಯೊಬ್ಬಳು ಕುಳಿತು ಕನ್ನಡದಲ್ಲಿ ಓದಿ ತಿಳಿದುಕೊಳ್ಳಬಹುದಾದದ್ದು ತೀರಾ ಕಡಿಮೆ. ನನ್ನ ಮಗಳಿಗೆ ಎರಡು ವರ್ಷ ದಾಟಿದ ಮೇಲೆ ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆಯ ನೆಂಟರಿಷ್ಟರು ಗರ್ಭಿಣಿಯರಾದಾಗಲೆಲ್ಲ ನನ್ನನ್ನು ವಿಚಾರಿಸುವುದು ರೂಢಿಯಾಗಿದೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಯಾವ ಕಂಪನಿಯದು ಒಳ್ಳೆಯದು ಎಂಬುದು ಎಲ್ಲರ ಮೊದಲ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ನಾನು ಅವರನ್ನೇ ಒಂದು ಮಾತು ಕೇಳುತ್ತೇನೆ: ನಿಮಗೆ ತಿಳಿಯಬೇಕಾಗಿರುವುದು ಈ ವಸ್ತುವಿನಿಂದ ಮಗುವಿಗೆ ಅಪಾಯವಿದೆಯೇ ಎಂಬುದೋ, ಇದು ನಿಮ್ಮ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂಬುದೋ? ಈ ಎರಡು ಪ್ರಶ್ನೆಗಳಿಗೆ ಉತ್ತರ ಬಲ್ಲವರು ಬೇರೆ ಬೇರೆ. ಹತ್ತು ಸಾವಿರದಲ್ಲಿ ಒಂದು ಮಗುವಿಗೆ ಒದಗುವ ಅಪಾಯ ಒಂದು ಮನೆಯ ಅನುಭವಕ್ಕೆ ಕಾಣುವುದಿಲ್ಲ, ಒಂದು ಊರಿನ ಅನುಭವಕ್ಕೂ ಕಾಣುವುದಿಲ್ಲ. ಲಕ್ಷಾಂತರ ಮಕ್ಕಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟವರಿಗೆ ಮಾತ್ರ ಅದು ಗೋಚರವಾಗುತ್ತದೆ. ಹಾಗೆಯೇ ಆಟಿ ತಿಂಗಳ ಮಳೆಯಲ್ಲಿ ಬಟ್ಟೆಯ ಡೈಪರ್ ಎಷ್ಟು ಹೊತ್ತಿಗೆ ಒಣಗುತ್ತದೆ, ತೋಟದ ದಾರಿಯಲ್ಲಿ ಗಾಡಿ ಉರುಳುತ್ತದೆಯೇ ಎಂಬುದು ಯಾವ ಪ್ರಯೋಗಾಲಯಕ್ಕೂ ತಿಳಿಯುವಂಥದ್ದಲ್ಲ. ಅದು ಆಚೆ ಮನೆಯ ತಾಯಿಗೆ ಗೊತ್ತು. ನಾವು ಸುರಕ್ಷತೆಯ ಪ್ರಶ್ನೆಯನ್ನು ಆಚೆ ಮನೆಯವರಲ್ಲಿಯೂ ಉಪಯೋಗದ ಪ್ರಶ್ನೆಯನ್ನು ದೂರದ ಊರಿನ ವಿಡಿಯೊದವರಲ್ಲಿಯೂ ಕೇಳುತ್ತಿರುವುದೇ ಬಹುತೇಕ ಗೊಂದಲಕ್ಕೆ ಮೂಲವೆಂದು ನಾನು ತಿಳಿದಿದ್ದೇನೆ.

ನಿದ್ರೆಯ ವಿಷಯವನ್ನೇ ನೋಡಿ. ಅಮೆರಿಕದಲ್ಲಿ ಫಿಶರ್ ಪ್ರೈಸ್ ಕಂಪನಿ ರಾಕ್ ಎನ್ ಪ್ಲೇ ಎಂಬ ಇಳಿಜಾರಿನ ತೊಟ್ಟಿಲೊಂದನ್ನು 2009ರಿಂದ ಮಾರುತ್ತಿತ್ತು. ಮಗು ಅದರಲ್ಲಿ ಚೆನ್ನಾಗಿ ನಿದ್ರಿಸುತ್ತದೆಂದು ಹೇಳಿದ ತಂದೆತಾಯಿಯರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಅವರ ಮಕ್ಕಳು ನಿಜವಾಗಿಯೂ ಚೆನ್ನಾಗಿ ನಿದ್ರಿಸಿದ್ದರು. ಆದರೆ ಆ ತೊಟ್ಟಿಲಿನಲ್ಲಿ ಮಲಗಿದ್ದ ಮೂವತ್ತಕ್ಕೂ ಹೆಚ್ಚು ಶಿಶುಗಳ ಮರಣದ ವರದಿಗಳು ಒಟ್ಟಾದ ಮೇಲೆ, 2019ರ ಏಪ್ರಿಲಿನಲ್ಲಿ ಸುಮಾರು 47 ಲಕ್ಷ ತೊಟ್ಟಿಲುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 2022ರಲ್ಲಿ ಆ ದೇಶವು 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶು ಹಾಸಿಗೆಗಳನ್ನು ಕಾನೂನಿನಿಂದಲೇ ನಿಷೇಧಿಸಿತು. 47 ಲಕ್ಷ ಮನೆಗಳಲ್ಲಿ ಬಹುಪಾಲು ಮನೆಗಳಿಗೆ ಅದು ವರವಾಗಿಯೇ ಕಂಡಿತ್ತೆಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಐದು ನಕ್ಷತ್ರಗಳ ಹೊಗಳಿಕೆ ಎಷ್ಟು ಸಾವಿರ ಸೇರಿದರೂ ಈ ಬಗೆಯ ಅಪಾಯವನ್ನು ತೋರಿಸಿಕೊಡಲಾರದು.

ಇದೇ ಕಾರಣಕ್ಕಾಗಿ ಹಿರಿಯರ ಮಾತನ್ನೂ ಎಲ್ಲ ವಿಷಯಕ್ಕೆ ಒಂದೇ ಸಮನಾಗಿ ತೆಗೆದುಕೊಳ್ಳಲಾಗದು. ಮಗುವಿಗೆ ಎಣ್ಣೆ ಹಚ್ಚುವುದು, ಮೀಯಿಸುವಾಗ ಹಿಡಿಯುವ ಬಗೆ, ಅಳುವಿನಲ್ಲಿ ಹಸಿವು ಯಾವುದು, ನಿದ್ರೆ ಯಾವುದು ಎಂದು ಗುರುತಿಸುವುದು, ಇವೆಲ್ಲ ನನಗೆ ಅತ್ತೆಯವರಿಂದ ಬಂದ ವಿದ್ಯೆ. ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸುತ್ತಿರಲಿಲ್ಲ. ಆದರೆ ಮಗುವನ್ನು ಅಂಗಾತ ಮಲಗಿಸಬೇಕು, ಸಮತಟ್ಟಾದ ಗಟ್ಟಿ ಹಾಸಿಗೆ ಇರಬೇಕು, ಮೊದಲ ವರ್ಷ ದಿಂಬು ಬೇಡ ಎಂಬುದು ದೊಡ್ಡ ಲೆಕ್ಕದಿಂದ ಬಂದ ತಿಳಿವಳಿಕೆ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಬಗ್ಗೆ ದೇಶವ್ಯಾಪಿ ಪ್ರಚಾರ ಆರಂಭವಾದ ನಂತರದ ವರ್ಷಗಳಲ್ಲಿ ಶಿಶುಗಳ ಹಠಾತ್ ಮರಣದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದ ಅಜ್ಜಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ, ಆದ್ದರಿಂದ ಅವರೊಡನೆ ವಾದಕ್ಕೆ ನಿಲ್ಲುವ ಅಗತ್ಯವೂ ಇಲ್ಲ. ನಮ್ಮ ಮನೆಯಲ್ಲಿ ಸೀರೆಯ ಜೋಲಿಯನ್ನು ಹಗಲು ಯಾರಾದರೂ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿರುವಾಗ ಮಾತ್ರ ತೂಗಿದೆವು. ರಾತ್ರಿ ಮಗು ಸಮತಟ್ಟಾದ ಹಾಸಿಗೆಯ ಮೇಲೆ ದಿಂಬಿಲ್ಲದೆ ಮಲಗಿತು. ಸಾಸಿವೆ ದಿಂಬು ಕಪಾಟಿನಲ್ಲಿ ಉಳಿಯಿತು. ವೈದ್ಯರು ಹೀಗೆ ಹೇಳಿದ್ದಾರೆಂದು ಮೆಲ್ಲಗೆ ತಿಳಿಸಿದಾಗ ಅತ್ತೆಯವರು ಬೇಸರಿಸಲಿಲ್ಲ.

ವಾಕರಿನ ಬಗ್ಗೆ ಇಷ್ಟು ಮೃದುವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಮಗುವಿಗೆ ಆರು ತಿಂಗಳು ತುಂಬಿತೆಂದರೆ ಸೋದರಮಾವನೋ ಚಿಕ್ಕಪ್ಪನೋ ಪ್ರೀತಿಯಿಂದ ತರುವ ಮೊದಲ ದೊಡ್ಡ ಉಡುಗೊರೆ ಅದು, ಮತ್ತು ನನ್ನ ದೃಷ್ಟಿಯಲ್ಲಿ ಮನೆಯೊಳಗೆ ಬರಲೇಬಾರದ ವಸ್ತುವೂ ಅದೇ. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 1990ರಿಂದ 2014ರ ತನಕ ವಾಕರಿನಿಂದ ಗಾಯಗೊಂಡು ಚಿಕಿತ್ಸೆ ಪಡೆದ, 15 ತಿಂಗಳು ತುಂಬದ ಮಕ್ಕಳ ಸಂಖ್ಯೆ ಸುಮಾರು 2.3 ಲಕ್ಷವೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅವರಲ್ಲಿ ಶೇ. 90ಕ್ಕಿಂತ ಹೆಚ್ಚಿನವರಿಗೆ ತಲೆಗೆ ಅಥವಾ ಕುತ್ತಿಗೆಗೆ ಪೆಟ್ಟಾಗಿತ್ತು. ಸುಮಾರು ಮುಕ್ಕಾಲು ಭಾಗ ಮಕ್ಕಳು ಮೆಟ್ಟಿಲಿನಿಂದ ಉರುಳಿದ್ದವು. ಈಗ ನಮ್ಮ ಕಡೆಯ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ: ಎತ್ತರದ ಜಗಲಿ, ಅಲ್ಲಿಂದ ಅಂಗಳಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲುಗಳು, ಹಗಲಿಡೀ ತೆರೆದೇ ಇರುವ ಮುಂಬಾಗಿಲು. ವಾಕರಿನಲ್ಲಿ ಕುಳಿತ ಮಗು ಕಣ್ಣು ಮಿಟುಕಿಸುವಷ್ಟರಲ್ಲಿ ಜಗಲಿಯ ಅಂಚಿಗೆ ತಲುಪುತ್ತದೆ, ಹತ್ತಿರವೇ ನಿಂತ ದೊಡ್ಡವರಿಗೂ ಹಿಡಿಯಲು ಸಮಯ ಸಿಗುವುದಿಲ್ಲ. ಅದರಿಂದ ಮಗು ಬೇಗ ನಡೆಯುತ್ತದೆಂಬ ಮಾತಿಗೂ ಆಧಾರವಿಲ್ಲ, ಬದಲಿಗೆ ನಡೆಯುವುದು ತುಸು ತಡವಾಗಬಹುದೆಂದೇ ಮಕ್ಕಳ ವೈದ್ಯರು ಹೇಳುತ್ತಾರೆ. ಮಗು ಹಿಂದೆ ನಿಂತು ತಳ್ಳುತ್ತ ಹೆಜ್ಜೆ ಹಾಕುವ ಮೂರು ಗಾಲಿಯ ಮರದ ಗಾಡಿ ಹಿಂದೆ ನಮ್ಮ ಮನೆಗಳಲ್ಲಿ ಇರುತ್ತಿತ್ತಲ್ಲ, ಉಡುಗೊರೆ ಕೊಡಲೇಬೇಕೆನ್ನುವವರಿಗೆ ನಾನು ಅದನ್ನು ಸೂಚಿಸುತ್ತೇನೆ.

ಉಪಯೋಗದ ಪ್ರಶ್ನೆಗೆ ಬಂದರೆ, ನಾನು ಕಂಡ ಅತ್ಯುತ್ತಮ ಸಲಹೆಗಾರರಲ್ಲಿ ಕಾಸರಗೋಡು ಪೇಟೆಯ ಒಬ್ಬ ಅಂಗಡಿಯವರೂ ಇದ್ದಾರೆ. ಪುಟ್ಟ ಗಾಲಿಗಳ, ಸುಲಭವಾಗಿ ಮಡಚುವ ಸ್ಟ್ರಾಲರ್ ಒಂದನ್ನು ನಾನು ಹಿಂದೆ ಮುಂದೆ ಉರುಳಿಸಿ ನೋಡುತ್ತಿದ್ದಾಗ ಅವರು ಮನೆ ಎಲ್ಲಿ, ಬಸ್ಸಿನ ದಾರಿಯಿಂದ ಎಷ್ಟು ಒಳಗೆ ಎಂದು ವಿಚಾರಿಸಿದರು. ಹೇಳಿದೆ. “ಹಾಗಾದ್ರೆ ಇದು ನಿಮಗೆ ಬೇಡ ಅಕ್ಕ. ಇದರ ಚಕ್ರ ಮಾಲ್‌ನ ನೆಲಕ್ಕೆ ಮಾಡಿದ್ದು. ನಿಮ್ಮ ಗುಡ್ಡೆಯ ದಾರಿಯಲ್ಲಿ ಇದು ಹೋಗ್ಲಿಕ್ಕಿಲ್ಲ, ಮಗುವನ್ನು ಒಂದು ಕೈಯಲ್ಲಿ, ಗಾಡಿಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಹೋಗ್ಬೇಕಾದೀತು” ಎಂದರು. ಮುಂದಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಅದರ ಅಚ್ಚು ಎಷ್ಟು ಸಪೂರವೆಂದು ತೋರಿಸಿದರು. ಮುರಕಲ್ಲಿನ ಹುಡಿ ಅದರೊಳಗೆ ಸೇರಿದರೆ ಒಂದೇ ಮಳೆಗಾಲದಲ್ಲಿ ಬಿಗಿದು ನಿಲ್ಲುತ್ತದೆಂದೂ ವಿವರಿಸಿದರು. ಅಂದು ಅವರಿಗೆ ನನ್ನಿಂದ ವ್ಯಾಪಾರವಾದದ್ದು ಎರಡು ಹತ್ತಿಯ ಟವೆಲ್ಲು ಮಾತ್ರ. ಬೇಡವೆಂದು ಹೇಳಿದರೆ ತನಗೆ ನಷ್ಟವಾಗುತ್ತದೆಂದು ತಿಳಿದೂ ಬೇಡವೆನ್ನಬಲ್ಲವರ ಮಾತಿಗೆ ನಾನು ಬಹಳ ತೂಕ ಕೊಡುತ್ತೇನೆ, ಮತ್ತು ಸಲಹೆ ಕೊಡುವ ಯಾರನ್ನೇ ಆದರೂ ಈ ಒಂದು ವಿಷಯದಲ್ಲಿ ಗಮನಿಸುತ್ತೇನೆ: ಇವರು ಇದುವರೆಗೆ ಯಾವುದಾದರೂ ವಸ್ತುವನ್ನು ಬೇಡವೆಂದಿದ್ದಾರೆಯೇ?

ಮಳೆಯೂ ಹಾಗೆಯೇ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ದಪ್ಪ ಫೋಮಿನ ಹಾಸಿಗೆ, ಮಗುವನ್ನು ಮೈಗೆ ಕಟ್ಟಿಕೊಳ್ಳುವ ಮೆತ್ತೆ ತುಂಬಿದ ಕ್ಯಾರಿಯರ್, ಬಟ್ಟೆ ಹೊದಿಸಿದ ಆಟದ ಚಾಪೆ ಇವೆಲ್ಲ ಜೂನ್ ತಿಂಗಳಲ್ಲಿ ಒದ್ದೆಯಾದರೆ ಸೆಪ್ಟೆಂಬರಿನ ತನಕ ಬೂಷ್ಟಿನ ವಾಸನೆ ಬಿಡುವುದಿಲ್ಲ. ಮೆತ್ತೆಯ ಹೊದಿಕೆಯನ್ನು ಪೂರ್ತಿಯಾಗಿ ಕಳಚಿ ಒಗೆಯಲು ಬರುತ್ತದೆಯೇ, ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಯುತ್ತದೆಯೇ ಎಂದು ಕೇಳಬೇಕಾದದ್ದು ಇಲ್ಲಿಯೇ ಒಂದು ಮಳೆಗಾಲ ಆ ವಸ್ತುವನ್ನು ಬಳಸಿದವರಲ್ಲಿ. ಅವರ ಮಗು ನಿಮ್ಮ ಮಗುವಿಗಿಂತ ಒಂದೋ ಎರಡೋ ವರ್ಷ ದೊಡ್ಡದಿದ್ದರೆ ಸಾಕು. ಹತ್ತು ವರ್ಷ ದಾಟಿದವರಿಗೆ ನೆನಪು ಮಸುಕಾಗಿರುತ್ತದೆ, ವಸ್ತುಗಳೂ ಬದಲಾಗಿರುತ್ತವೆ.

ಹಣದ ಸಂಬಂಧವನ್ನು ಮುಚ್ಚಿಟ್ಟು ಕೊಡುವ ಸಲಹೆಯ ಬಗ್ಗೆ ನಮ್ಮ ದೇಶದ ಕಾನೂನು ನಾವು ಭಾವಿಸಿರುವುದಕ್ಕಿಂತ ಕಟ್ಟುನಿಟ್ಟಾಗಿದೆ. ಎದೆಹಾಲಿಗೆ ಬದಲಾಗಿ ಬಳಸುವ ಹಾಲಿನ ಪುಡಿ, ಹಾಲುಣಿಸುವ ಬಾಟಲಿ ಮತ್ತು ಎರಡು ವರ್ಷದೊಳಗಿನ ಶಿಶುಗಳ ಆಹಾರ ಇವುಗಳ ಜಾಹೀರಾತನ್ನು 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸುತ್ತವೆ. ಉಚಿತ ಮಾದರಿ ಹಂಚುವುದಕ್ಕೂ, ಆರೋಗ್ಯ ಕಾರ್ಯಕರ್ತರಿಗೆ ಉಡುಗೊರೆ ಕೊಟ್ಟು ಅವರ ಮೂಲಕ ಮಾರುವುದಕ್ಕೂ ಅವಕಾಶವಿಲ್ಲ. ಹೀಗಿದ್ದರೂ ಹೆರಿಗೆಯಾಗಿ ಮನೆಗೆ ಮರಳಿದ ನಮ್ಮ ನೆಂಟರೊಬ್ಬರ ಚೀಲದಲ್ಲಿ ಆಸ್ಪತ್ರೆಯೊಂದರ ಕಡೆಯಿಂದ ಬಂದ ಹಾಲಿನ ಪುಡಿಯ ಪುಟ್ಟ ಡಬ್ಬಿ ಇತ್ತು. ತಾಯಿಗೆ ಹಾಲು ಸಾಲದೆಂದು ಯಾರೂ ಪರೀಕ್ಷಿಸಿ ಹೇಳಿರಲಿಲ್ಲ. ಹೆತ್ತು ಬಳಲಿದವಳ ಕೈಗೆ ಅದನ್ನು ಕೊಟ್ಟದ್ದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಆಸ್ಪತ್ರೆಯಿಂದ ಬಂದುದೆಲ್ಲವೂ ವೈದ್ಯರ ಸಲಹೆಯೆಂದೇ ತಾಯಿ ನಂಬುತ್ತಾಳೆ.

ವಿಡಿಯೊ ಮಾಡುವವರಿಗೂ ನಿಯಮವಿದೆ. ಹಣವನ್ನಾಗಲಿ ಉಚಿತ ವಸ್ತುವನ್ನಾಗಲಿ ಪಡೆದು ಹೊಗಳುವವರು ಆ ಸಂಬಂಧವನ್ನು ಸ್ಪಷ್ಟವಾಗಿ, ತಾವು ಮಾತನಾಡುವ ಭಾಷೆಯಲ್ಲಿಯೇ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದ ತನಕ ದಂಡವಿದೆ. ದೂರಿಗೆ 1915 ಸಂಖ್ಯೆಗೆ ಕರೆ ಮಾಡಬಹುದು. ಸಂಬಂಧವನ್ನು ತಿಳಿಸಿದವರ ಮಾತೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಅವರ ವಿಡಿಯೊದಲ್ಲಿ ಸೀಟಿನ ಪಟ್ಟಿ ಬಿಗಿಯುವ ಕ್ರಮವನ್ನು ನೋಡಿ ಕಲಿಯಬಹುದು, ಕೊಳ್ಳುವ ತೀರ್ಮಾನವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಾರದು.

ಕಾಸಿನ ಖರ್ಚಿಲ್ಲದೆ, ಯಾರ ಹಂಗೂ ಇಲ್ಲದೆ ನಾವೇ ಪರೀಕ್ಷಿಸಬಹುದಾದ ಒಂದು ಆಧಾರವೂ ಇದೆ. ಹಾಲುಣಿಸುವ ಬಾಟಲಿಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೂ 2021ರ ಜನವರಿ 1ರಿಂದ ಅದು ಕಡ್ಡಾಯವಾಗಿದೆ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ ಇರುತ್ತದೆ. ಪ್ಲಾಸ್ಟಿಕ್ ಬಾಟಲಿಗಾದರೆ ಐಎಸ್ 14625. ಕೆಳಭಾಗದಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಈ ಗುರುತಿಗೆ ಪರವಾನಗಿ ಕೊಡುವ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಬಿಐಎಸ್ ಕೇರ್ ಎಂಬ ಸರಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ತಯಾರಕರ ಹೆಸರು, ವಿಳಾಸ, ಯಾವ ವಸ್ತುವಿಗೆ ಪರವಾನಗಿ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ತೆರೆಯ ಮೇಲೆ ಬರುತ್ತದೆ. ಅಂಗಡಿಯ ಕಟ್ಟೆಯ ಮುಂದೆ ನಿಂತೇ ಇದನ್ನು ಮಾಡಬಹುದು. ಜಾತ್ರೆಯಲ್ಲಿ ಸಿಗುವ ಗಿಲಕಿಯ ಡಬ್ಬಿಯ ಮೇಲೆ ಗುರುತು ಮಾತ್ರ ಇದ್ದು ಕೆಳಗೆ ಸಂಖ್ಯೆ ಇಲ್ಲದಿದ್ದರೆ, ಅದನ್ನು ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಕೊಡದಿರುವುದೇ ಸರಿ.

ಪರೀಕ್ಷೆ ನಡೆಸುವ ಸಂಸ್ಥೆಗಳೂ ತಪ್ಪುತ್ತವೆ, ಮತ್ತು ತಪ್ಪಿದಾಗ ಅವು ನಡೆದುಕೊಳ್ಳುವ ರೀತಿಯಿಂದ ಅವುಗಳ ಯೋಗ್ಯತೆ ತಿಳಿಯುತ್ತದೆ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 1936ರಿಂದ ಜಾಹೀರಾತು ತೆಗೆದುಕೊಳ್ಳದೆ, ವಸ್ತುಗಳನ್ನು ತನ್ನ ಹಣದಿಂದಲೇ ಕೊಂಡು ಪರೀಕ್ಷಿಸುತ್ತ ಬಂದ ಸಂಸ್ಥೆ. 2007ರ ಜನವರಿಯಲ್ಲಿ ಅದು 12 ಶಿಶು ಕಾರ್ ಸೀಟುಗಳಲ್ಲಿ ಎರಡು ಮಾತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದವೆಂದು ಪ್ರಕಟಿಸಿ ತಂದೆತಾಯಿಯರನ್ನು ಕಂಗೆಡಿಸಿತು. ಪಕ್ಕದಿಂದ ಗಂಟೆಗೆ 38 ಮೈಲಿ ವೇಗದ ಡಿಕ್ಕಿಯೆಂದು ಹೇಳಿದ್ದ ಪರೀಕ್ಷೆಯು 70 ಮೈಲಿಗೂ ಹೆಚ್ಚಿನ ವೇಗದ ಡಿಕ್ಕಿಗೆ ಸಮನಾಗಿತ್ತೆಂದು ಸರಕಾರದ ಸುರಕ್ಷತಾ ಸಂಸ್ಥೆ ತೋರಿಸಿಕೊಟ್ಟಾಗ, ಎರಡೇ ವಾರಗಳಲ್ಲಿ ಆ ವರದಿಯನ್ನು ಬಹಿರಂಗವಾಗಿ ಹಿಂದಕ್ಕೆ ಪಡೆಯಿತು. ಆ ಘಟನೆಯಿಂದ ಆ ಸಂಸ್ಥೆಯ ಮೇಲಿನ ನನ್ನ ವಿಶ್ವಾಸ ಹೆಚ್ಚಿತು. ಹಿಂದಿನ ತಿಂಗಳು ಹೊಗಳಿದ ವಸ್ತುವಿನ ವಿಡಿಯೊವನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಹೊಗಳುವವರೊಡನೆ ಇದನ್ನು ಹೋಲಿಸಿ ನೋಡಬಹುದು.

ಕಾರ್ ಸೀಟಿನ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಪ್ರಶ್ನೆಗಳು ಬರುವುದು ಅದರ ಬಗ್ಗೆಯೇ. ಹೆರಿಗೆಗೆ ಮಂಗಳೂರಿಗೆ ಹೋಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮರಳುವುದು ನಮ್ಮಲ್ಲಿ ಸಾಮಾನ್ಯ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವಿದೆ. 2024ರ ಅಕ್ಟೋಬರಿನಲ್ಲಿ ಕೇರಳದ ಸಾರಿಗೆ ಆಯುಕ್ತರು ಮಕ್ಕಳ ಸೀಟು ಕಡ್ಡಾಯವೆಂದು ಪ್ರಕಟಿಸಿದ ಬೆನ್ನಿಗೇ ಸಚಿವ ಕೆ. ಬಿ. ಗಣೇಶ್ ಕುಮಾರ್ ಅದನ್ನು ಬಲವಂತದಿಂದ ಜಾರಿಗೊಳಿಸುವುದಿಲ್ಲವೆಂದು ಹೇಳಿದರು. ಆಗ ನಮ್ಮ ಊರಿನಲ್ಲಿ ಅನೇಕರು ಅದನ್ನು ಸೀಟಿನ ಅಗತ್ಯವೇ ಇಲ್ಲವೆಂಬ ಸಲಹೆಯೆಂದು ತಿಳಿದರು. ದಂಡ ಹಾಕುತ್ತಾರೆಯೇ ಎಂಬುದು ಆಡಳಿತದ ಪ್ರಶ್ನೆ. ಡಿಕ್ಕಿಯಾದಾಗ ಮಡಿಲಲ್ಲಿರುವ ಮಗುವನ್ನು ಕೈಗಳಿಂದ ಹಿಡಿದಿಡಲು ಯಾರಿಂದಲೂ ಸಾಧ್ಯವಾಗದು ಎಂಬುದರಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ.

ನಮ್ಮಲ್ಲಿ ಈ ಸೀಟುಗಳು ಹೆಚ್ಚಾಗಿ ಕೊಲ್ಲಿ ದೇಶಗಳಿಂದ ನೆಂಟರ ಸಾಮಾನಿನ ಜೊತೆ ಬರುತ್ತವೆ, ಬಳಿಕ ಮನೆಯಿಂದ ಮನೆಗೆ ಸಾಗುತ್ತವೆ. ಹಾಗೆ ಬಂದ ಸೀಟನ್ನು ಮೊದಲು ಮಗುಚಿ ಹಾಕಿ ನೋಡಬೇಕು. ಯುರೋಪಿನ ಕ್ರಮದ್ದಾದರೆ ಕಿತ್ತಳೆ ಬಣ್ಣದ ಚೀಟಿಯೊಂದು ಅಂಟಿಸಿರುತ್ತದೆ; ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಅನುಮೋದಿಸಿದ ದೇಶದ ಸಂಖ್ಯೆ, ಆರ್44 ಅಥವಾ ಆರ್129 ಎಂಬ ನಿಯಮದ ಗುರುತು, ಎಷ್ಟು ತೂಕದ ಅಥವಾ ಎಷ್ಟು ಎತ್ತರದ ಮಗುವಿಗೆಂಬುದು ಅದರಲ್ಲಿ ಇರುತ್ತವೆ. ಅಮೆರಿಕದ ಕ್ರಮದ್ದಾದರೆ ಎಫ್‌ಎಂವಿಎಸ್‌ಎಸ್ 213 ಎಂಬ ಉಲ್ಲೇಖವಿರುತ್ತದೆ. ಯಾವುದೂ ಇಲ್ಲದ ಸೀಟು ನೋಡಲು ಎಷ್ಟು ಚೆನ್ನಾಗಿದ್ದರೂ ಬೇಡ. ತಯಾರಾದ ದಿನಾಂಕ ಚೀಟಿಯಲ್ಲಿಯೋ ಕೆಳಗಿನ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದಂತೆಯೋ ಇರುತ್ತದೆ, ತಯಾರಕರು ಸೂಚಿಸಿದ ಅವಧಿ ಮೀರಿದ್ದರೆ ಬಳಸಬಾರದು. ಹಿಂದೆ ಅಪಘಾತ ಕಂಡ ಸೀಟಾಗಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಅದನ್ನು ನಂಬುವಂತಿಲ್ಲ. ಆರ್129 ನಿಯಮದಂತೆ 15 ತಿಂಗಳು ದಾಟುವ ತನಕ ಮಗುವಿನ ಮುಖ ಕಾರಿನ ಹಿಂಬದಿಗೆ ಇರಬೇಕು, ಮತ್ತು ಹಾಗೆ ಹಿಂದಕ್ಕೆ ತಿರುಗಿಸಿದ ಸೀಟನ್ನು ಚಾಲ್ತಿಯಲ್ಲಿರುವ ಏರ್‌ಬ್ಯಾಗಿನ ಮುಂದೆ ಎಂದಿಗೂ ಇಡಬಾರದು. ಕಾರಿಲ್ಲದೆ ಬೈಕಿನಲ್ಲಿ ಓಡಾಡುವ ಮನೆಗಳೇ ನಮ್ಮಲ್ಲಿ ಹೆಚ್ಚು. ಅವರು ತಿಳಿಯಬೇಕಾದದ್ದೆಂದರೆ, 2023ರ ಫೆಬ್ರವರಿ 15ರಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನೊಡನೆ ಬಿಗಿಯುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿನ ವೇಗದ ಮಿತಿ ಎಂದು ಕೇಂದ್ರದ ನಿಯಮ ಹೇಳುತ್ತದೆ.

ವೈದ್ಯರನ್ನೂ ಆಶಾ ಕಾರ್ಯಕರ್ತೆಯನ್ನೂ ಏನು ಕೇಳಬೇಕೆಂದು ಅನೇಕರಿಗೆ ಸಂಕೋಚವಿದೆ. ಯಾವ ಕಂಪನಿಯ ಕ್ಯಾರಿಯರ್ ಕೊಳ್ಳಲಿ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಕ್ಯಾರಿಯರಿನಲ್ಲಿ ಕೂರಿಸಿದಾಗ ಮಗುವಿನ ಸೊಂಟ ಮತ್ತು ತೊಡೆ ಹೇಗಿರಬೇಕು, ಕುತ್ತಿಗೆ ನಿಂತಿದೆಯೇ, ಉಸಿರಿಗೆ ಎಡೆ ಇದೆಯೇ ಎಂದು ಕೇಳಿದರೆ ಅವರು ಮಗುವನ್ನು ನೋಡಿಯೇ ಹೇಳಬಲ್ಲರು. ನಮ್ಮ ಆಶಾ ಅಕ್ಕ ಕ್ಯಾರಿಯರನ್ನು ತರಲು ಹೇಳಿ, ಮಗಳನ್ನು ಅದರಲ್ಲಿ ಕೂರಿಸಿ, ಎರಡು ಮೊಣಕಾಲುಗಳೂ ಪೃಷ್ಠಕ್ಕಿಂತ ತುಸು ಮೇಲೆ ಬರುವಂತೆ ಪಟ್ಟಿಯನ್ನು ಸರಿಪಡಿಸಿಕೊಟ್ಟರು.

ನಮ್ಮ ಬಂಧುಗಳಲ್ಲಿ ಈಗ ಒಂದು ಕ್ರಮವನ್ನು ಆರಂಭಿಸಿದ್ದೇವೆ. ಮಗುವಿನ ಯಾವ ಸಾಮಾನು ಒಂದು ಮನೆಯಿಂದ ಇನ್ನೊಂದಕ್ಕೆ ಹೋದರೂ ಅದರ ಜೊತೆ ಕನ್ನಡದಲ್ಲಿ ಬರೆದ ಚೀಟಿಯೊಂದು ಹೋಗುತ್ತದೆ: ಯಾವ ವರ್ಷ ಕೊಂಡದ್ದು, ಎಲ್ಲಿಂದ, ಬಿದ್ದದ್ದು ಅಥವಾ ಅಪಘಾತ ಕಂಡದ್ದು ಇದೆಯೇ, ಮಳೆಗಾಲದಲ್ಲಿ ಏನಾಯಿತು, ಯಾವ ಭಾಗ ಬದಲಾಯಿಸಿದೆವು. ನಮ್ಮ ಕಾರ್ ಸೀಟು ಈಗ ನೀರ್ಚಾಲಿನಲ್ಲಿರುವ ಅಕ್ಕನ ಮನೆಯಲ್ಲಿದೆ. ಎದೆಯ ಪಟ್ಟಿಯ ಗುಂಡಿ ಬಿಗಿಯಾಗಿದೆ, ಒತ್ತಲು ಹೆಬ್ಬೆರಳಿಗೆ ಬಲ ಬೇಕು, ಆದರೆ ಅದು ಹಾಗೆಯೇ ಇರಬೇಕಾದದ್ದು, ಎಣ್ಣೆ ಹಾಕಬೇಡಿ ಎಂದೂ ಅದರ ಚೀಟಿಯಲ್ಲಿ ಬರೆದಿದ್ದೇನೆ.